ಅಪ್ಪ ಹಾಕಿದ ಗಂಟು

ಕಂಪ್ಲಿ, 12 ಅಕ್ಟೋಬರ್ 1946

ತಮ್ಮ ಕೊಟ್ರಯ್ಯನಿಗೆ ಅಕ್ಕನಾಗಮ್ಮನ ಆಶೀರ್ವಾದ.

ನಿನ್ನ ಕಾರ್ಡು ಬಂತು. ಒಟ್ಟು ಆರು ಸಾಲು. ಎರಡು ಸಾಲು ಕೊಚ್ಚಿಯ ಮಳೆಯ ಸುದ್ದಿಗೇ ಹೋಯಿತು. ವಾಯುದಳದ ಕೆಲಸ ಮುಗಿದು ಎಂಟು ತಿಂಗಳಾಯಿತು, ದೊಡ್ಡ ಹಡಗಿನ ಹಳೆಯ ದೋಣಿಯೊಂದನ್ನು ಕೊಂಡಿದ್ದೇನೆ, ಹಾಯಿ ಕಟ್ಟಿಸುತ್ತಿದ್ದೇನೆ, ಹೊಸ ವರ್ಷಕ್ಕೆ ಒಬ್ಬನೇ ಸಮುದ್ರ ದಾಟಿ ಸೆಷಲ್ಸ್ ಎಂಬ ದ್ವೀಪಕ್ಕೆ ಹೋಗುತ್ತೇನೆ ಎಂಬುದನ್ನೆಲ್ಲ ಉಳಿದ ನಾಲ್ಕು ಸಾಲಿನಲ್ಲಿ ತುರುಕಿದ್ದೀಯ. ನನ್ನ ಮೂರನೇ ತರಗತಿಯ ಹುಡುಗಿಯರೂ ಇದಕ್ಕಿಂತ ಬಿಡಿಸಿ ಬರೆಯುತ್ತಾರೆ.

ನಮ್ಮ ಶಾಲೆಯ ನಕಾಶೆಯಲ್ಲಿ ಆ ದ್ವೀಪವೇ ಇಲ್ಲ. ಇಂಡಿಯಾದ ಕೆಳಗೆ ನೀಲಿಯಲ್ಲಿ ಒಂದು ಚುಕ್ಕೆ ಕಂಡು ಹಿಗ್ಗಿದೆ. ಬೆರಳು ಇಟ್ಟರೆ ಉದುರಿಬಿತ್ತು, ನೊಣದ ಹಿಕ್ಕೆ. ಕೊನೆಗೆ ನಾನೇ ಅಂದಾಜಿನ ಮೇಲೆ ಮಸಿಯಲ್ಲಿ ಒಂದು ಚುಕ್ಕೆ ಇಟ್ಟಿದ್ದೇನೆ. ಇನ್ಸ್‌ಪೆಕ್ಟರು ಕೇಳಿದರೆ ಸರಕಾರ ಮರೆತದ್ದನ್ನು ಸೇರಿಸಿದ್ದೇನೆ ಎನ್ನುವೆ.

ಹೊಳೆಯ ಹರಗೋಲಿನ ಹುಲುಗಪ್ಪನಿಗೆ ಹೇಳಿದೆ. ಅವನು ಹುಟ್ಟು ಕೆಳಗಿಟ್ಟು ಯೋಚಿಸಿದ. "ಅಕ್ಕಾರ, ಒಬ್ಬಾವ ಕುಂತ್ರ ಹರಗೋಲು ಗರಗರ ತಿರಗತೈತ್ರಿ. ಎದುರಿಗೆ ಭಾರಕ್ಕ ಒಂದು ಕಲ್ಲರ ಇಡಬೇಕು. ತಮ್ಮಾರಿಗೆ ಮೊದ್ಲ ಒಂದು ಚಲೋ ಕಲ್ಲು ಹುಡುಕ್ಕೊಳ್ಳಾಕ ಬರೀರಿ," ಅಂದ. ಅಪ್ಪ ಕೇಳಿದ್ದು ಒಂದೇ: "ಒಬ್ಬಾವ ಅಂದ್ರ, ಮಾತಾಡಾಕ ಯಾರದಾರ ಅಲ್ಲಿ?"

ನನ್ನ ಪ್ರಶ್ನೆ ಬಹಳ ಇವೆ. ನೀನು ಮಲಗಿದಾಗ ದೋಣಿಯನ್ನು ಯಾರು ನಡೆಸುತ್ತಾರೆ? ಸುತ್ತ ನೀರೇ ಇರುವಾಗ ದಿಕ್ಕು ಹೇಗೆ ಗೊತ್ತಾಗುತ್ತದೆ? ಎದುರುಗಾಳಿ ಬಂದರೆ ಹಿಂದಕ್ಕೆ ಹೋಗುತ್ತೀಯೋ? ಏನು ಉಣ್ಣುತ್ತೀ? ಕುಡಿಯುವ ನೀರು ಎಷ್ಟು ಒಯ್ಯುತ್ತೀ? ದಿನಾ ಲಿಂಗಪೂಜೆಗೆ ಆ ಸಿಹಿನೀರನ್ನೇ ಬಳಸುತ್ತೀಯೋ, ಉಪ್ಪು ನೀರು ನಡೆಯುತ್ತದೆಯೋ? ಊರಿಗೆಲ್ಲ ಲಿಂಗ ಕಟ್ಟುವ ಚನ್ನಯ್ಯನ ಮಕ್ಕಳಾಗಿ ನಮಗೇ ಇದು ಗೊತ್ತಿಲ್ಲ ನೋಡು. ಅಪ್ಪನನ್ನು ಕೇಳಬೇಕೆಂದೆ, ಮೊದಲು ನೀನು ಏನು ಮಾಡುತ್ತೀ ತಿಳಿಯೋಣ ಎಂದು ಸುಮ್ಮನಾದೆ.

ಕಡೆಯ ಪ್ರಶ್ನೆ. ಯುದ್ಧ ಮುಗಿದು ವರ್ಷ ದಾಟಿತು. ಕೊಚ್ಚಿಯಿಂದ ಹೊಸಪೇಟೆಗೆ ರೈಲಿದೆ. ನೀನು ಮನೆಗೆ ಬಂದು ಮೂರು ವರ್ಷವಾಯಿತು. ಯಾಕೆ ಬರಲಿಲ್ಲ?

ನಿನ್ನ ಅಕ್ಕ

*

ಕೊಚ್ಚಿ, 3 ನವೆಂಬರ್ 1946

ಅಕ್ಕನಿಗೆ ಕೊಟ್ರಯ್ಯನ ಶರಣು.

ನೊಣದ ದ್ವೀಪಕ್ಕೆ ನಕ್ಕು ನಕ್ಕು ಸಾಕಾಯಿತು. ಇಲ್ಲಿಯ ಬಡಿಗರಿಗೂ ಹೇಳಿದೆ. ನಿನ್ನ ಚುಕ್ಕೆ ತುಸು ಎಡಕ್ಕೆ ಬರಲಿ, ಆಫ್ರಿಕಾದ ಕಡೆಗೆ.

ಮಲಗುವಾಗ ಚುಕ್ಕಾಣಿಗೆ ಹಗ್ಗ ಕಟ್ಟಿ, ಹಾಯಿಯನ್ನು ಅದಕ್ಕೆ ಹೊಂದಿಸಿದರೆ ದೋಣಿ ತಾನೇ ತಕ್ಕಮಟ್ಟಿಗೆ ದಾರಿ ಹಿಡಿದಿರುತ್ತದೆ. ಒಂದು ಗಂಟೆ ಮಲಗುವುದು, ಎದ್ದು ಸುತ್ತ ನೋಡುವುದು, ಮತ್ತೆ ಮಲಗುವುದು. ಅಲಾರಮ್ ಗಡಿಯಾರವನ್ನು ಖಾಲಿ ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದೇನೆ, ಸತ್ತವನೂ ಏಳಬೇಕು ಹಾಗೆ ಬಡಿದುಕೊಳ್ಳುತ್ತದೆ. ದಿಕ್ಕಿಗೆ ದಿಕ್ಸೂಚಿ ಇದೆ. ನಡುಹಗಲಿನ ಸೂರ್ಯ ಎಷ್ಟು ಎತ್ತರದಲ್ಲಿದ್ದಾನೆಂದು ಅಳೆಯುವ ಸಾಧನವಿದೆ, ಅದರಿಂದ ಎಷ್ಟು ದಕ್ಷಿಣಕ್ಕೆ ಬಂದೆ ಎಂಬ ಲೆಕ್ಕ ಸಿಗುತ್ತದೆ. ವಿಮಾನದಲ್ಲಿ ಇದನ್ನೆಲ್ಲ ಕಲಿತೆ. ಆಗ ಒಂದು ನಿಮಿಷ ತಪ್ಪಿದರೆ ಮೂರು ಮೈಲಿ ತಪ್ಪುತ್ತಿತ್ತು. ಈಗ ತಪ್ಪನ್ನು ತಿದ್ದಿಕೊಳ್ಳಲು ಇಡೀ ದಿನವಿರುತ್ತದೆ.

ಎದುರುಗಾಳಿಗೆ ಹಿಂದೆ ಹೋಗಬೇಕಿಲ್ಲ. ಎತ್ತು ಏರನ್ನು ನೇರ ಹತ್ತುವುದಿಲ್ಲವಲ್ಲ, ಅಡ್ಡಡ್ಡ ಹತ್ತುತ್ತದೆ, ಹಾಗೆ. ವಿಮಾನಕ್ಕೆ ಗಾಳಿ ಎಂದರೆ ಸೀಳಿಕೊಂಡು ಹೋಗುವ ವಸ್ತು. ದೋಣಿಯಲ್ಲಿ ಅದರ ಮರ್ಜಿ ಕಾಯಬೇಕು. ಈ ಕಾಯುವುದು ನನಗೆ ಯಾಕೆ ಇಷ್ಟು ಹಿಡಿಸಿದೆಯೋ ತಿಳಿಯದು. ಹೋದ ವಾರ ಬಂದರಿನ ಹೊರಗೆ ಒಬ್ಬನೇ ಹೋಗಿದ್ದೆ. ಗಾಳಿ ಹಾಯಿಗೆ ತುಂಬಿ, ಯಾವ ಎಂಜಿನ್ನಿನ ಸದ್ದೂ ಇಲ್ಲದೆ ದೋಣಿ ಸರಿಯತೊಡಗಿದಾಗ ಹುಡುಗನಂತೆ ಕೂಗಿದೆ.

ಹುಲುಗಪ್ಪನಿಗೆ ಹೇಳು, ಅವನ ಮಾತು ನೂರಕ್ಕೆ ನೂರು ಸರಿ. ಭಾರವಿಲ್ಲದಿದ್ದರೆ ಮಗುಚುತ್ತದೆ. ಕಲ್ಲಿನ ಬದಲು ತಳದಲ್ಲಿ ಹಳೆಯ ರೈಲುಕಂಬಿಯ ತುಂಡು ತುಂಬಿದ್ದೇನೆ.

ಊಟಕ್ಕೆ ಅಕ್ಕಿ, ಬೇಳೆ, ಬೆಲ್ಲ, ಅವಲಕ್ಕಿ. ಕಡಕ್ ರೊಟ್ಟಿ ಕಳಿಸಿದರೆ ಬೇಡವೆನ್ನುವುದಿಲ್ಲ. ಕುಡಿಯಲು ಎರಡು ಪೀಪಾಯಿ ನೀರು, ದಿನಕ್ಕೆ ನಾಲ್ಕು ಲೋಟದ ಲೆಕ್ಕ. ಮಳೆ ಬಂದರೆ ಹಾಯಿಬಟ್ಟೆಯಲ್ಲಿ ಹಿಡಿಯಬಹುದು.

ಮಾತಾಡಲು ಯಾರೂ ಇಲ್ಲವೆಂದು ಅಪ್ಪ ಚಿಂತಿಸುವುದು ಬೇಡ. ಒಬ್ಬನೇ ಇರುವುದು ನನಗೆ ಒಗ್ಗಿದೆ. ಬಡಿಗರು ಕರೆಯುತ್ತಿದ್ದಾರೆ, ಇಲ್ಲಿಗೆ ನಿಲ್ಲಿಸುತ್ತೇನೆ.

ಕೊಟ್ರಯ್ಯ

*

ಕಂಪ್ಲಿ, 24 ನವೆಂಬರ್ 1946

ಕೊಟ್ರಯ್ಯಾ,

ಎರಡು ಪ್ರಶ್ನೆಗೆ ಉತ್ತರ ಬರೆದಿಲ್ಲ. ಪೂಜೆಯ ನೀರಿನದು, ಮನೆಗೆ ಬಾರದ್ದು. ಬಡಿಗರು ಕರೆದರಂತೆ! ನಮ್ಮ ಶಾಲೆಯ ಹುಡುಗಿಯರೂ ಲೆಕ್ಕ ಬಾರದಾಗ ಮೂಗಿನಲ್ಲಿ ರಕ್ತ ಬಂತೆಂದು ಎದ್ದು ಹೋಗುತ್ತಾರೆ.

ಯೋಚಿಸಿ ಯೋಚಿಸಿ ನಾನೇ ಒಂದು ಉತ್ತರ ಕಂಡುಕೊಂಡಿದ್ದೇನೆ. ನೀನು ಯಾರನ್ನೋ ಕಟ್ಟಿಕೊಂಡಿದ್ದೀ. ಆಸ್ಪತ್ರೆಯ ನರ್ಸೋ, ದೊರೆಸಾನಿಯೋ. ಅಪ್ಪನಿಗೆ ಹೇಳಲು ಅಂಜಿ ಸಮುದ್ರಕ್ಕೆ ಓಡುತ್ತಿದ್ದೀ. ಹಾಗಿದ್ದರೆ ಮೊದಲು ನನಗೆ ಬರಿ. ನಾನು ಇಪ್ಪತ್ತಕ್ಕೆ ಗಂಡನನ್ನು ಕಳೆದುಕೊಂಡು, ಓದು ಹಿಡಿದು, ಮಾಸ್ತರಿಣಿಯಾಗುತ್ತೇನೆಂದು ನಿಂತಾಗ ಅಪ್ಪ ಹದಿನೈದು ದಿನ ಮಾತು ಬಿಟ್ಟಿದ್ದ. ಹದಿನಾರನೇ ದಿನ ನನ್ನ ಸ್ಲೇಟು ಹಿಡಿದುಕೊಂಡು ತಾನೇ ಶಾಲೆಗೆ ಬಿಟ್ಟು ಬಂದ. ಅವನನ್ನು ದಾಟಿಸುವ ಹಾದಿ ನನಗೆ ಗೊತ್ತಿದೆ.

ಪೂಜೆಯ ವಿಷಯಕ್ಕೆ ನೀನು ನಾಚಿದ್ದೂ ತಿಳಿಯಿತು. ಉಪ್ಪುಗಾಳಿಗೆ ಲಿಂಗವಿಡುವ ನಿನ್ನ ಬೆಳ್ಳಿಯ ಕರಡಿಗೆ ಕಪ್ಪಿಟ್ಟು ತಿಂದುಹೋಗಿರಬೇಕು, ಹೇಳಲು ಸಂಕೋಚ. ಅದಕ್ಕೆ ಬಡಿಗೇರ ತೋಟಪ್ಪನಿಂದ ತೇಗದ್ದೊಂದು ಮಾಡಿಸಿದ್ದೇನೆ. ಮುಚ್ಚಳ ಎಷ್ಟು ಬಿಗಿಯಾಗಿದೆಯೆಂದರೆ ನೀರಿನ ಹನಿ ಒಳಗೆ ಹೋಗದು. "ದ್ವಾಣಿ ತೇಗದ್ದಾದ್ರ ಲಿಂಗದ ಮನಿನೂ ತೇಗದ್ದ ಇರ್ಲಿ," ಎಂದು ತೋಟಪ್ಪ ಕೂಲಿ ಬೇಡವೆಂದ. ಪಾರ್ಸಲಿನಲ್ಲಿ ಅದು, ನೂರು ಕಡಕ್ ರೊಟ್ಟಿ, ಶೇಂಗಾಪುಡಿ, ವಿಭೂತಿ ಇವೆ. ನಿನ್ನ ಲಿಂಗವನ್ನು ಅದಕ್ಕೆ ಬದಲಿಸಿಕೊಂಡು, ಸರಿಹೊಂದಿತೋ ಇಲ್ಲವೋ ತಪ್ಪದೆ ಬರಿ.

ಅಕ್ಕ

*

ಕೊಚ್ಚಿ, 9 ಜನವರಿ 1947

ಅಕ್ಕಾ,

ನಾಳೆ ಹೊರಡುತ್ತೇನೆ. ಪಾರ್ಸಲು ಬಂದು ತಿಂಗಳಾಯಿತು, ತಡವಾಗಿ ಬರೆಯುತ್ತಿದ್ದೇನೆ. ರೊಟ್ಟಿ ಒಂದೂ ಮುರಿದಿಲ್ಲ. ತೋಟಪ್ಪನ ಕೈಕೆಲಸ ನೋಡಿ ಇಲ್ಲಿಯ ಬಡಿಗರು ತಲೆದೂಗಿದರು.

ನಾನು ಯಾರನ್ನೂ ಕಟ್ಟಿಕೊಂಡಿಲ್ಲ. ಹಾಗಾಗಿದ್ದರೆ ಎಷ್ಟೋ ಸುಲಭವಿತ್ತು.

ಬಂದರಿನವರು ದೋಣಿಗೆ ಹೆಸರು ಬರೆಸಲೇಬೇಕೆಂದರು. 'ಕಂಪ್ಲಿ' ಎಂದು ಬರೆಸಿದೆ. ಗುಮಾಸ್ತ ಅದು ಯಾವ ದೇವತೆ ಎಂದು ಕೇಳಿದ. ಇನ್ನು ಪತ್ರವನ್ನು ಸೆಷಲ್ಸಿನ ಮಾಹೆ ಅಂಚೆಕಚೇರಿಗೆ ಬರಿ.

ಕೊಟ್ರಯ್ಯ

*

ಮಾಹೆ, ಸೆಷಲ್ಸ್, 27 ಫೆಬ್ರವರಿ 1947

ಅಕ್ಕನಿಗೆ ಶರಣು.

ಬದುಕಿದ್ದೇನೆ, ಮುಟ್ಟಿದ್ದೇನೆ. ಮೂವತ್ತೈದು ದಿನ ಹಿಡಿಯಿತು.

ಮೊದಲ ಹತ್ತು ದಿನ ಗಾಳಿ ಬೆನ್ನಿಗಿತ್ತು. ಬೆಳಗಾಗೆದ್ದರೆ ಹಲಗೆಯ ಮೇಲೆ ರೆಕ್ಕೆಯ ಮೀನು ಬಿದ್ದಿರುತ್ತಿದ್ದವು, ಗೇಣುದ್ದದವು. ಜೀವವಿದ್ದವನ್ನು ನೀರಿಗೆ ಬಿಡುತ್ತಿದ್ದೆ. ಹಾಗೆ ಬಿಟ್ಟ ಒಂದು ಮೀನು ಮತ್ತೊಮ್ಮೆ ಬಂದು ಬಿತ್ತು, ಅದೇ ಎಂದು ಗುರುತಿಸಿದೆ ಅಂದರೆ ನಂಬುತ್ತೀಯಾ? ನೀಲಿ ಎಂಬ ಒಂದೇ ಮಾತಿನಲ್ಲಿ ಇಷ್ಟು ಬಣ್ಣ ಹೇಗೆ ಹಿಡಿಸಿದರೋ ನಮ್ಮ ಹಿರಿಯರು, ಸಮುದ್ರ ನೋಡದೆ ಹೋದರು ಪಾಪ. ಒಂದು ಮಧ್ಯಾಹ್ನ ನನ್ನ ದೋಣಿಯ ಎರಡರಷ್ಟು ಉದ್ದದ ತಿಮಿಂಗಿಲ ಪಕ್ಕಕ್ಕೆ ಬಂದು ಕಣ್ಣಿಟ್ಟು ನೋಡಿತು. ಎಮ್ಮೆಯ ಕಣ್ಣಿನಂತಹ ಕಣ್ಣು. ನಾನು ಅದನ್ನು ನೋಡಿದೆ. ಇಬ್ಬರಿಗೂ ಇನ್ನೊಬ್ಬರು ಇಲ್ಲೇನು ಮಾಡುತ್ತಿದ್ದಾರೆಂದು ತಿಳಿಯಲಿಲ್ಲ.

ಆಮೇಲೆ ಗಾಳಿ ಸತ್ತಿತು. ಆರು ದಿನ ಒಂದು ಎಲೆ ಅಲುಗುವಷ್ಟೂ ಗಾಳಿಯಿಲ್ಲ. ನೀರು ಎಣ್ಣೆಯ ಹಾಗೆ. ಮಾಡಲು ಕೆಲಸವಿಲ್ಲ. ಆಗ ನಿನ್ನ ಪತ್ರಗಳನ್ನು ಓದಿದೆ. ತೋಟಪ್ಪನ ಕರಡಿಗೆಯನ್ನು ಕೈಗೆತ್ತಿಕೊಂಡೆ. ಅದರ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ದಿನ ಕಳೆದೆ. ಒಳಗೆ ಇಡಲು ನನ್ನಲ್ಲಿ ಏನೂ ಇಲ್ಲ, ಅಕ್ಕಾ.

ಮೂರು ವರ್ಷದ ಹಿಂದೆ, ಫೆಬ್ರವರಿಯಲ್ಲಿ, ಬರ್ಮಾದ ಗಡಿಯ ಹತ್ತಿರ ನನ್ನ ವಿಮಾನಕ್ಕೆ ಗುಂಡು ತಗುಲಿ ಸಮುದ್ರಕ್ಕೆ ಬಿದ್ದೆ. ನಿಮಗೆ ಮಲೇರಿಯಾ ಎಂದು ಬರೆದಿದ್ದೆನಲ್ಲ, ಆಗ. ಎರಡು ದಿನ ರಬ್ಬರಿನ ತೆಪ್ಪದಲ್ಲಿ ತೇಲಿದೆ. ನೌಕೆಯವರು ಎತ್ತಿಕೊಂಡರು. ಕೊರಳಲ್ಲಿ ಲಿಂಗವಿರಲಿಲ್ಲ. ಸಮುದ್ರದಲ್ಲಿ ಹೋಯಿತು.

ದಂಡಿನಲ್ಲಿ ಯಾರೂ ಕೇಳಲಿಲ್ಲ, ಉಂಡೆ. ಮೊದಲ ತುತ್ತು ಗಂಟಲಲ್ಲಿ ಇಳಿಯಲಿಲ್ಲ, ಹತ್ತನೆಯದು ಇಳಿಯಿತು. ಪೂಜೆಯಾಗದೆ ಹನಿ ನೀರು ಬಾಯಿಗೆ ಹಾಕದ ಮನೆ ನಮ್ಮದು. ಲಿಂಗ ಹೋದವನು ಪ್ರಾಣ ಇಟ್ಟುಕೊಳ್ಳಬಾರದು ಎಂದು ಅಪ್ಪ ಜಗಲಿಯಲ್ಲಿ ಕೂತು ಎಷ್ಟು ಸಲ ಹೇಳಿಲ್ಲ? ಮನೆಗೆ ಬಂದರೆ ಮೊದಲ ಊಟಕ್ಕೇ ಗೊತ್ತಾಗುತ್ತದೆ. ಒಬ್ಬನೇ ಇದ್ದರೆ ಪಂಕ್ತಿಯಿಲ್ಲ, ಕೇಳುವವರಿಲ್ಲ. ಸಮುದ್ರವೆಂದರೆ ನನಗೆ ಆಸೆ, ಅದು ಸುಳ್ಳಲ್ಲ. ಆದರೆ ಆಸೆಯೊಂದೇ ಅಲ್ಲ.

ನನಗೆ ಮನೆಗೆ ಬರಬೇಕು. ಅಪ್ಪನ ಎದುರಿಗೆ ಕೂತು ಉಣ್ಣಬೇಕು. ಅದು ಸಾಧ್ಯವೋ ಇಲ್ಲವೋ ನೀನೇ ಹೇಳಬೇಕು.

ಕೊಟ್ರಯ್ಯ

*

ಕಂಪ್ಲಿ, 2 ಏಪ್ರಿಲ್ 1947

ಕೊಟ್ರಯ್ಯಾ,

ನನಗೆ ಮೊದಲು ಬಂದದ್ದು ಸಿಟ್ಟು. ಮೂರು ವರ್ಷ ನನಗೂ ಹೇಳಲಿಲ್ಲವಲ್ಲ ಎಂದು. ಆಮೇಲೆ ಆ ಖಾಲಿ ಕರಡಿಗೆ ಕಳಿಸಿದ ನನ್ನ ಜಾಣತನ ನೆನೆದು ಅತ್ತೆ.

ಅಪ್ಪನ ಬಾಯಿಂದ ಉತ್ತರ ತೆಗೆಯಲು ಒಂದು ಉಪಾಯ ಮಾಡಿದೆ. ಅವನು ವಿಭೂತಿ ಉಂಡೆ ಕಟ್ಟುತ್ತಿದ್ದಾಗ, "ಅಪ್ಪಾ, ಎಮ್ಮಿಗನೂರಾಗ ಯಾರೋ ದಂಡಿಗೆ ಹೋಗಿ ಬಂದಾವ್ನ ಲಿಂಗ ಹೋಗೇತಂತ. ಅವ್ನ ಗತಿ ಏನು?" ಎಂದು ಕೇಳಿದೆ.

ಅಪ್ಪ ಉಂಡೆ ಕಟ್ಟುವುದು ನಿಲ್ಲಿಸಲಿಲ್ಲ. "ಎಮ್ಮಿಗನೂರಿಂದ ದಂಡಿಗೆ ಹೋದಾವ್ರು ಇಬ್ರು. ಇಬ್ರಿಗೂ ಕಟ್ಟಿದಾವ ನಾನು. ಇಬ್ರೂ ಬಂದು ಕಾಲಿಗೆ ಬಿದ್ದು ಹೋಗ್ಯಾರ. ಇಬ್ರ ಕೊಳ್ಳಾಗೂ ಐತಿ." ಆಮೇಲೆ ನನ್ನ ಮುಖ ನೋಡಿದ. "ಬಾರದಾವ ಒಬ್ಬನ."

ನಾನು ಕಾಗದ ಕೊಟ್ಟೆ. ಓದಿದ. ಬೈಯುತ್ತಾನೆ, ಎದ್ದು ಹೋಗುತ್ತಾನೆ, ಇನ್ನೊಂದು ಹದಿನೈದು ದಿನ ಮಾತು ಬಿಡುತ್ತಾನೆ ಎಂದು ಕಾದೆ. ಅದು ಯಾವುದೂ ಆಗಲಿಲ್ಲ. ಒಳಗೆ ಹೋಗಿ ತನ್ನ ಪೆಟ್ಟಿಗೆಯಿಂದ ಲಿಂಗ ಕಟ್ಟುವ ಶಿವದಾರದ ಸುರುಳಿ ಎಲ್ಲ ತಂದು ಜಗಲಿಯ ಮೇಲೆ ಹರವಿ, ಒಂದೊಂದನ್ನೇ ಎರಡೂ ಕೈಯಿಂದ ಜಗ್ಗತೊಡಗಿದ. "ಇದು ನಾನ ಹೊಸೆದ ದಾರ. ಎತ್ತು ಜಗ್ಗಿದ್ರೂ ಹರಿಯೂದಿಲ್ಲ. ಸಮುದ್ರಕ್ಕ ಬಿದ್ದು ಲಿಂಗ ಹೋಗೇತಿ ಅಂದ್ರ ದಾರ ಅಲ್ಲ, ಗಂಟು ಬಿಚ್ಚೇತಿ. ಗಂಟು ಹಾಕಿದಾವ ಯಾರು? ಅವ್ನ ತಪ್ಪೇನೈತಿ ಇದ್ರಾಗ?"

ನಿನ್ನ ಮೇಲೆ ಏನೂ ಹೊರಿಸಲಿಲ್ಲ, ತಪ್ಪನ್ನು ಪೂರ್ತಿ ತನ್ನ ತಲೆಗೆ ಎಳೆದುಕೊಂಡ. ಅವತ್ತಿನಿಂದ ಲಿಂಗ ಕಟ್ಟುವುದನ್ನು ನಿಲ್ಲಿಸಿದ್ದಾನೆ. ಐವತ್ತು ವರ್ಷ ಕಟ್ಟಿದ ಕೈ ಅದು. ಎಮ್ಮಿಗನೂರಿನ ಉಚ್ಚೆಂಗಮ್ಮ ಮಗುವನ್ನು ಎತ್ತಿಕೊಂಡು ಎರಡು ಸಲ ಬಂದು ಹೋದಳು. ಬೇರೆ ಅಯ್ಯನವರ ಹತ್ತಿರ ಹೋಗು ಎಂದರೆ ಒಲ್ಲಳು. "ನನಗ ಕಟ್ಟಿದ್ದೂ ನೀವ, ನನ್ನ ಗಂಡಗ ಕಟ್ಟಿದ್ದೂ ನೀವ. ನನ್ನ ಕೂಸು ಯಾರ ಮನಿಗೆ ಹೋಗಬೇಕ್ರಿ?" ಎಂದು ಅಳುತ್ತಾಳೆ. ಅವಳು ಬಂದಾಗ ಅಪ್ಪ ಒಳಗಿನಿಂದ ಹೊರಗೇ ಬರುವುದಿಲ್ಲ.

ಇನ್ನೂ ಕೇಳು. ಸಂತೆಯಲ್ಲಿ ಎದುರಿಗೆ ಬಂದವರನ್ನೆಲ್ಲ ನಿಲ್ಲಿಸಿ ಅಂಗಿಯ ಗುಂಡಿ ಬಿಚ್ಚಿಸಿ ಗಂಟು ಜಗ್ಗಿ ನೋಡುತ್ತಿದ್ದಾನೆ. ಮೊನ್ನೆ ರೈಸ್‌ಮಿಲ್ಲಿನ ಜಂಬಯ್ಯನನ್ನು ಗಿರಾಕಿಗಳ ಎದುರೇ ಹಿಡಿದ. "ಅಯ್ಯನೋರ, ನಲವತ್ತು ವರ್ಷ ಆತ್ರಿ, ಗಟ್ಟಿ ಐತ್ರಿ," ಎಂದು ಅವನು ಕೈಮುಗಿದ. ಊರಿನವರು ಮೊದಲು ನಕ್ಕರು, ಈಗ ಅಪ್ಪ ಬಂದರೆ ಓಣಿ ಬದಲಿಸುತ್ತಾರೆ. ನನಗೆ ನಗು ಬರುವುದಿಲ್ಲ.

ನಿನಗೆ ನೆನಪಿದ್ದರೆ ಸರಿಯಾಗಿ ಬರಿ. ದಾರ ಹರಿಯಿತೋ, ಗಂಟು ಬಿಚ್ಚಿತೋ? ದಾರ ಎಂದು ಬರೆದರೆ ಅವನು ಬದುಕುತ್ತಾನೆ. ಸುಳ್ಳು ಬರಿ ಎಂದು ನಾನು ಹೇಳುತ್ತಿಲ್ಲ. ಹೇಳುತ್ತಿದ್ದೇನೋ ಏನೋ, ನನಗೇ ತಿಳಿಯದು.

ಅಕ್ಕ

*

ಮಾಹೆ, 6 ಮೇ 1947

ಅಕ್ಕಾ,

ದಾರ ಹರಿಯಲಿಲ್ಲ. ಗಂಟೂ ಬಿಚ್ಚಲಿಲ್ಲ. ನಾನೇ ಕೊಯ್ದೆ.

ಇದನ್ನು ಬರೆಯಬಾರದೆಂದು ಹಿಂದಿನ ಪತ್ರದಲ್ಲಿ 'ಸಮುದ್ರದಲ್ಲಿ ಹೋಯಿತು' ಎಂದಿದ್ದೆ. ಹೋದದ್ದು ನಿಜ, ಹೇಗೆ ಎಂಬುದನ್ನು ನುಂಗಿಕೊಂಡೆ. ನನ್ನ ನುಂಗಿದ ಮಾತಿಗೆ ಅಪ್ಪ ಸಂತೆಯಲ್ಲಿ ಜನರ ಕೊರಳು ಹುಡುಕುತ್ತಾನೆಂದರೆ ಇನ್ನು ಮುಚ್ಚಿಡಲಾರೆ.

ವಿಮಾನ ನೀರಿಗೆ ಬಿದ್ದ ಕೂಡಲೇ ಮೂಗು ಕೆಳಗಾಗಿ ಮುಳುಗತೊಡಗಿತು. ಸೊಂಟದ ಪಟ್ಟಿ ಬಿಚ್ಚಿ ಮೇಲೇಳಲು ಹೋದೆ. ಕೊರಳು ಹಿಡಿದು ಎಳೆದಂತಾಯಿತು. ಶಿವದಾರ ಪಕ್ಕದ ಕಬ್ಬಿಣದ ಹಿಡಿಕೆಗೆ ಸಿಕ್ಕಿತ್ತು. ನೀರು ಗದ್ದಕ್ಕೆ ಬಂತು. ಎರಡು ಸಲ ಜಗ್ಗಿದೆ. ಕೊರಳು ಹರಿದು ರಕ್ತ ಬಂತು, ದಾರ ಹರಿಯಲಿಲ್ಲ. ಗಂಟು ಹುಡುಕಿ ಉಗುರಿನಿಂದ ಬಿಡಿಸಲು ನೋಡಿದೆ, ಕಲ್ಲಿನಂತಿತ್ತು. ನೀರು ಮೂಗಿಗೆ ಬಂತು. ಬೂಟಿನಲ್ಲಿ ಚಾಕುವಿತ್ತು. ತೆಗೆದು ಕೊಯ್ದೆ.

ಒಂದು ಕ್ಷಣವೂ ಯೋಚಿಸಲಿಲ್ಲ ಎಂದು ಬರೆದರೆ ನನಗೆ ಅನುಕೂಲ. ಆದರೆ ಯೋಚಿಸಿದೆ. ಇದು ಲಿಂಗ, ಇದು ಪ್ರಾಣ ಎಂದು ಎರಡೂ ಸ್ಪಷ್ಟವಾಗಿ ಕಂಡವು. ಪ್ರಾಣ ಬೇಕೆನಿಸಿತು. ಬಹಳ ಬೇಕೆನಿಸಿತು.

ಅಪ್ಪನಿಗೆ ಇದನ್ನು ಹೀಗೇ ಓದಿ ಹೇಳು, ಒಂದು ಮಾತೂ ಬಿಡಬೇಡ. ಅವನ ಕೈಯಲ್ಲಿ ತಪ್ಪಿಲ್ಲ. ಉಚ್ಚೆಂಗಮ್ಮನ ಕೂಸಿಗೆ ಕಟ್ಟಲಿ.

ಇಲ್ಲಿ ಗಾಳಿ ತಿರುಗಿದೆ. ಆಗಸ್ಟಿನ ಕೊನೆಗೆ ಹೊರಟರೆ ಮಳೆಗಾಳಿಯ ಬಾಲ ಹಿಡಿದು ಕೊಚ್ಚಿಗೆ ಬರಬಹುದು. ಇಲ್ಲವೆಂದರೆ ಪಶ್ಚಿಮಕ್ಕೆ ಮೊಂಬಾಸಾ, ಅಲ್ಲಿಂದ ಮುಂದೆ ಎಲ್ಲಿಗಾದರೂ. ದೋಣಿ ಎರಡಕ್ಕೂ ಸಿದ್ಧವಿದೆ. ಅಪ್ಪ ಬೇಡವೆಂದರೆ ಹಾಗೆಂದೇ ಬರಿ. ನಾನು ಪಶ್ಚಿಮಕ್ಕೆ ಹೋಗುತ್ತೇನೆ, ಮತ್ತೆ ಕೇಳುವುದಿಲ್ಲ.

ಕೊಟ್ರಯ್ಯ

*

ಕಂಪ್ಲಿ, 5 ಜೂನ್ 1947

ಕೊಟ್ರಯ್ಯಾ,

ನೀನು ಹೇಳಿದಂತೆ ಒಂದು ಮಾತೂ ಬಿಡದೆ ಓದಿದೆ. 'ನಾನೇ ಕೊಯ್ದೆ' ಎಂಬಲ್ಲಿ ನಿಲ್ಲಿಸಿದೆ, ಅಪ್ಪ ಕೈಸನ್ನೆ ಮಾಡಿ ಮುಂದೆ ಓದು ಎಂದ. ಮುಗಿದ ಮೇಲೆ, ಗಂಟಿನ ಸಾಲನ್ನು ಇನ್ನೊಮ್ಮೆ ಓದಿಸಿದ.

"ಕಲ್ಲಿನಂಗ ಇತ್ತಂತೇನು?"

"ಹಂಗ ಬರದಾನ, ಅಪ್ಪಾ."

"ನೀರಾಗ ನೆಂದಿತ್ತಲ್ಲ. ನೆಂದ್ರ ಇನ್ನೂ ಬಿಗೀತೈತಿ." ತನ್ನ ಅಂಗೈ ತಿರುಗಿಸಿ ನೋಡಿಕೊಂಡ. ಆಮೇಲೆ ಆ ಕೈಯನ್ನೇ ಮುಖಕ್ಕೆ ಒತ್ತಿಕೊಂಡು ಅತ್ತ. ಅವ್ವ ಪಂಪಮ್ಮ ಸತ್ತಾಗಲೂ ಅವನು ಹಾಗೆ ಅತ್ತದ್ದು ನಾನು ಕಂಡಿರಲಿಲ್ಲ. "ನನ್ನ ಕೈ ಗಂಟ ಅವ್ನ ಕೊಳ್ಳು ಹಿಡದಿತ್ತಲ್ಲ," ಅಂದ. "ಇನ್ನೀಟು ತಡಾ ಮಾಡಿದ್ರ ನಾನ ಕೊಂದಿರ್ತಿದ್ದೆ."

ನನಗೆ ತಡೆಯಲಾಗಲಿಲ್ಲ. ಕೊಯ್ದದ್ದು ತಪ್ಪಲ್ಲವೇನು ಎಂದು ಕೇಳಿಯೇಬಿಟ್ಟೆ. ಇದನ್ನು ಕೇಳದೆ ಬಿಟ್ಟರೆ ನೀನು ನನ್ನ ಪತ್ರವನ್ನು ನಂಬುವುದಿಲ್ಲ.

"ತಪ್ಪು," ಅಂದ. "ತಪ್ಪಿಗೆ ಪ್ರಾಯಶ್ಚಿತ್ತ ಐತಿ, ಅದನ್ನ ಮಾಡ್ಸೂದು ನನ್ನ ಕೆಲ್ಸ. ಜಗಲಿ ಮ್ಯಾಲೆ ಕುಂತು ಪ್ರಾಣ ಬಿಡಬೇಕು ಅಂತ ಹೇಳಿದಾವ ನಾನ, ಖರೆ. ಹೇಳೂವಾಗ ನನ್ನ ಮೂಗಿಗೆ ನೀರು ಬಂದಿದ್ದಿಲ್ಲ. ಲಿಂಗ ಹಿಡ್ಕೊಂಡು ಮುಳುಗಿದ್ರ ಮಂದಿ ಅವನ್ನ ಹೊಗಳ್ತಿದ್ರು. ನಾ ಯಾರ ಕೊಳ್ಳಿಗೆ ಕಟ್ಟಲಿ ಆಗ?"

ಮರುದಿನ ಬೆಳಿಗ್ಗೆ ಬಂಡಿ ಹೂಡಿಸಿ ಎಮ್ಮಿಗನೂರಿಗೆ ಹೊರಟ. ನಾನೂ ಹೋದೆ. ಉಚ್ಚೆಂಗಮ್ಮನ ಕೂಸಿಗೆ ಕಟ್ಟಲು ಕೂತ. ಎರಡು ಸಲ ಬಿಚ್ಚಿ ಮೂರನೇ ಸಲ ಗಂಟು ಹಾಕಿದ. ಎಂದಿಗಿಂತ ಉದ್ದ ದಾರ ಬಿಟ್ಟ, ತಲೆಯ ಮೇಲಿಂದ ಸಲೀಸಾಗಿ ತೆಗೆಯಲು ಬರುವಷ್ಟು. "ಇಷ್ಟ್ಯಾಕ ಸಡ್ಲ ಬಿಟ್ರಿ, ಅಯ್ಯನೋರ?" ಎಂದು ಆ ಮನೆಯ ಮುದುಕಿ ಕೇಳಿದಳು. "ಕೂಸು ದೊಡ್ಡದಾಗಿ ಎಲ್ಲಿಗೆ ಹೋಗತೈತೋ ಯಾರಿಗ್ಗೊತ್ತು, ತಾಯಿ," ಅಂದ.

ಬಂಡಿಯಲ್ಲಿ ವಾಪಸು ಬರುವಾಗ, ತಮ್ಮನಿಗೆ ಏನು ಬರೆಯಲಿ, ಕ್ಷಮಿಸಿದ್ದಾನೆಂದು ಬರೆಯಲೇ ಎಂದು ಕೇಳಿದೆ. ಕೆರಳಿದ. "ಕ್ಷಮಾ ಗಿಮಾ ಅಂತ ದೊಡ್ಡ ಮಾತು ಬರೀಬ್ಯಾಡ. ಊಟಕ್ಕ ಬಾ ಅಂತ ಬರಿ." ಸ್ವಲ್ಪ ದೂರ ಹೋದ ಮೇಲೆ ಮತ್ತೆ ಅಂದ, "ಲಿಂಗ ಕಟ್ಟೂತನಕ ಅವಗ ಉಣ್ಣಾಕ ಬರೂದಿಲ್ಲ, ಅವ ಉಣ್ಣೂತನಕ ನಾನೂ ಉಣ್ಣೂದಿಲ್ಲ. ನನಗ ವಯಸ್ಸಾಗೇತಿ, ಹಸಿವು ತಡಿಯೂದಿಲ್ಲ. ಸಂಜಿ ಗಾಡಿಗೆ ಬರಬ್ಯಾಡಂತ ಬರಿ. ಬೆಳಗಿನ ಗಾಡಿಗೆ ಬಾ ಅನ್ನು."